ಆಯಿಯ ಕಟ್ಟೆಯ ಪಕ್ಕದ ಬಿಳಿ ದೀಪ

ನಮ್ಮ ಕಾಲೇಜಿನ ಎಲ್ಲ ವಿಭಾಗಗಳೂ ಸೇರಿ ಒಂದು ಹಸಿರು ಸ್ಮಾರ್ಟ್ ಓಣಿ ಮಾಡಿ ತೋರಿಸಬೇಕೆಂದು ಠರಾವಾದಾಗ, ಶೇಡಬಾಳದ ನಮ್ಮ ಓಣಿಯನ್ನೇ ಆರಿಸಿ ಎಂದು ಹಟ ಹಿಡಿದವನು ನಾನು. ಗಿಡ, ಗಟಾರ, ಕಸ ಎಲ್ಲ ಬೇರೆಯವರ ಪಾಲಿಗೆ ಹೋದವು. ಭೌತಶಾಸ್ತ್ರ ಕಲಿಸುವ ನನ್ನ ಪಾಲಿಗೆ ಸೌರ ದೀಪ ಬಂತು.

ಪ್ರಾಣಿಶಾಸ್ತ್ರದ ಮೇಡಂ ಮೀಟಿಂಗಿನಲ್ಲಿ, "ಸರ್, ಬಿಳಿ ಬೆಳಕಿಗೆ ಮಳಿಗಾಲದಾಗ ಹುಳಾ ಭಾಳ ಬರ್ತಾವ್ರಿ. ಹಳದೀದು ಹಾಕ್ರಿ" ಎಂದರು. ಹಳದಿ ಬೆಳಕು ಫೋಟೋದಲ್ಲಿ ಮಂಕಾಗಿ ಬರುತ್ತದೆ ಎಂಬುದು ನನ್ನ ಚಿಂತೆ. "ಮೇಡಂ, ನಾವು ಊರು ಚಂದ ಮಾಡಾಕತ್ತಿದ್ದು ಮಂದಿಗೋ, ಹುಳಕ್ಕೋ?" ಎಂದೆ. ಎಲ್ಲರೂ ನಕ್ಕರು. ಮಾತಿನಲ್ಲಿ ಗೆಲ್ಲುವುದೆಂದರೆ ನನಗೆ ಹೋಳಿಗೆ ತಿಂದಷ್ಟು ಖುಷಿ.

ನಮ್ಮ ಎದುರು ಮನೆಯ ಜೈನ ಅಜ್ಜಿ, ಓಣಿಗೆಲ್ಲ ಆಯಿ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಕಟ್ಟೆಗೆ ಬಂದು ಕೂಡುತ್ತಿದ್ದರು. ಮೊಣಕಾಲು ನೋವು, ಅದರಾಚೆ ಎಲ್ಲೂ ಹೋಗಲಾರರು. ಓಣಿಯ ಹೆಂಗಸರೇ ಅಲ್ಲಿಗೆ ಬರುತ್ತಿದ್ದರು. ಮಾತು ಅರ್ಧ ಕನ್ನಡ, ಅರ್ಧ ಮರಾಠಿ, ನಡುನಡುವೆ ನನ್ನ ಹೊಟ್ಟೆಯ ಗೇಲಿ. ಆಯಿಗೆ ಇಡೀ ದಿನದ ಸುಖ ಅದೊಂದೇ. ಅವರಿಗೆ ಅನುಕೂಲವಾಗಲೆಂದು ಬಿಳಿ ದೀಪದ ಹೊಸ ಕಂಬವನ್ನು ಆ ಕಟ್ಟೆಯ ಪಕ್ಕದಲ್ಲೇ ನಿಲ್ಲಿಸಿದೆ.

ಮಳೆ ಶುರುವಾಯಿತು. ರೆಕ್ಕೆಯ ಹುಳಗಳು ದೀಪಕ್ಕೆ ಮುತ್ತಿದವು, ಬೆಳಗಾದರೆ ಕಟ್ಟೆಯ ತುಂಬ ಸತ್ತು ಬಿದ್ದಿರುತ್ತಿದ್ದವು. ಇರುವೆ ಕಂಡರೂ ಸುತ್ತಿ ನಡೆಯುವ ಆಯಿ ಹೊರಗೆ ಬರುವುದನ್ನೇ ಬಿಟ್ಟರು. ಹೆಂಗಸರೂ ತಂತಮ್ಮ ಟಿವಿಗಳ ಮುಂದೆ ಸೇರಿಕೊಂಡರು.

ಮೇಡಂಗೆ ಫೋನ್ ಮಾಡಿ ತಪ್ಪಾಯಿತೆಂದೆ. ಹಳದಿ ದೀಪ ಹಾಕಿಸಿ, ಬೆಳಕು ಕೆಳಗೆ ಮಾತ್ರ ಬೀಳುವಂತೆ ಮುಚ್ಚಳವನ್ನೂ ಕೂಡಿಸಿದೆ. ಹುಳ ಕಡಿಮೆಯಾದವು. ಆಯಿ ಬರಲಿಲ್ಲ.

ಕೊನೆಗೆ ನಾನೇ ಅವರ ಬಾಗಿಲಿಗೆ ಹೋದೆ.

"ಆಯಿ, ಈಗ ಹುಳಾ ಅಷ್ಟಿಲ್ರಿ. ಬೇಕಾದ್ರ ದೀಪಾನ ಆರಸ್ತೇನಿ. ಹೊರಗ ಬರ್ರಿ."

"ನಿಮ್ಮ ತಪ್ಪಿಲ್ರಿ ಸರ್ರ," ಎಂದರು ಆಯಿ. "ಮೊದಲೂ ನನ್ನ ಕಾಲ ಕೆಳಗ, ಸೆರಗಿನ್ಯಾಗ ಎಷ್ಟ್ ಸಾಯ್ತಿದ್ದೂವೋ ಏನೋ. ಕತ್ತಲಾಗ ಕಾಣತಿರಲಿಲ್ಲ, ಆರಾಮ ಕುಂತಿದ್ದೆ. ಈಗ ದೀಪಾ ಆರಿಸಿದ್ರೂ ಕಂಡಂಗ ಆಗತೈತಿ."

ಈಗಲೂ ಹೊತ್ತು ಮುಳುಗುವ ಮೊದಲು ಅವರು ಊಟ ಮುಗಿಸುತ್ತಾರೆ, ಆಮೇಲೆ ಒಳಗಿನಿಂದ ಅಗಳಿ ಹಾಕುವ ಸಪ್ಪಳ ಕೇಳುತ್ತದೆ. ಮಾಡಿದವನು ನಾನು, ಪಾಪ ತನ್ನದೆಂದುಕೊಂಡು ಆಯಿ ಒಬ್ಬರೇ ಒಳಗೆ ಕೂತಿದ್ದಾರೆ.