ದುಗ್ಗಪ್ಪನ ಕೆಂಪು ಕೋಲು
ಆಗುಂಬೆ ಘಾಟಿಯ ಮೇಲಿನ ಗೇಟು ದುಗ್ಗಪ್ಪನದು, ಕೆಳಗಿನದು ನರ್ಸು ಪೂಜಾರಿಯದು. ನಡುವಿನ ತಿರುವುಗಳಲ್ಲಿ ಎರಡು ಬಸ್ಸು ಎದುರಾಗುವಂತಿಲ್ಲ. ಇಳಿಯುವ ಸಾಲಿನ ಕೊನೆಯ ಗಾಡಿಯಲ್ಲಿ ದುಗ್ಗಪ್ಪ ಕೆಂಪು ಕೋಲು ಕಳಿಸುತ್ತಾನೆ. ಅದು ಪೂಜಾರಿಯ ಕೈ ಸೇರಿದ ಮೇಲೆಯೇ ಕೆಳಗಿನವು ಹತ್ತುತ್ತವೆ, ಅವುಗಳಲ್ಲಿ ಕೊನೆಯದು ಕೋಲನ್ನು ಮರಳಿ ತರುತ್ತದೆ. ಸಾಹೇಬರ ಜೀಪು ಎಷ್ಟು ಹಾರನ್ ಹೊಡೆದರೂ, "ಕೋಲು ಬರ್ಲಿ ಸ್ವಾಮಿ, ಅಲ್ಲೀವರೆಗೆ ಒಂದು ಕವಳ ಹಾಕಿ" ಎಂದು ಎಲೆಗೆ ಸುಣ್ಣ ಹಚ್ಚುತ್ತಾನೆ. ಗೇಟಿನ ಪಕ್ಕದ ಮನೆಯಲ್ಲೂ ಅಷ್ಟೆ: ಹೆಂಡತಿ ಹೂವಮ್ಮ ಸಾರಿನ ಪಾತ್ರೆ ಹಿಡಿದು ಬಂದರೆ ಗೋಡೆಗೆ ಒತ್ತಿ ನಿಂತು, "ನೀ ಮೊದ್ಲು ದಾಟು" ಎಂದು ಕೈ ಬೀಸುತ್ತಾನೆ. "ಸೌಟನ್ನೂ ಕೊಟ್ಟು ಕಳಿಸ್ಲಾ?" ಎಂದು ಅವಳು ನಗುತ್ತಾಳೆ. ಇಷ್ಟು ವರ್ಷವಾದರೂ ಅವನು ಪೂಜಾರಿಯ ಮುಖ ನೋಡಿಲ್ಲ; ಗೇಟು ಬಿಟ್ಟು ಇಬ್ಬರೂ ಕದಲುವಂತಿಲ್ಲ. ಘಟ್ಟದ ಕೆಳಗಿನ ಹುಡುಗನಿಗೆ ಮಗಳನ್ನು ಕೊಟ್ಟಾಗ ಡ್ರೈವರನ ಬಾಯಲ್ಲಿ ಪೂಜಾರಿಗೆ ಮದುವೆಯ ಕರೆ ಕಳಿಸಿದ್ದಕ್ಕೆ, "ನಾನು ಬಂದ್ರೆ ದಿಬ್ಬಣದ ಬಸ್ಸು ಬಿಡುವುದು ಯಾರು ಮಾರಾಯ್ರೆ?" ಎಂಬ ಉತ್ತರ ಬಂದಿತ್ತು. ಮದುವೆಯ ಬೆಳಿಗ್ಗೆ ಆ ಬಸ್ಸೇ ಕೊನೆಯದಾಗಿ ಹತ್ತಿ ಬಂತು. ಹೊಸ ಪಂಚೆಯುಟ್ಟು ಗೇಟಿನಲ್ಲೇ ನಿಂತಿದ್ದ ದುಗ್ಗಪ್ಪನ ಕೈಗೆ ಡ್ರೈವರ ಕೋಲು ಕೊಟ್ಟ. ಅದಕ್ಕೆ ಉದ್ದಕ್ಕೂ ಮಲ್ಲಿಗೆ ದಂಡೆ ಸುತ್ತಿತ್ತು. ದುಗ್ಗಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ಮನೆಯತ್ತ ಕೂಗಿದ: "ಏ ಇವಳೇ, ಪೂಜಾರ್ರು ಬಂದ್ರು ಕಣೇ!"