ಯುದ್ಧವಿಮಾನವೆಂಬ ಬೆರ್ಚಪ್ಪ

ಅವತ್ತು ಕಾರಿನಲ್ಲಿ ನಾವು ನಾಲ್ಕು ಜನ. ಓಡಿಸುತ್ತಿದ್ದವರು ಅಪ್ಪ. ಅವರ ಪಕ್ಕದಲ್ಲಿ ಅವ್ವನ ತಮ್ಮ, ಅಂದರೆ ನಮ್ಮ ಸೋದರಮಾವ, ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ಕೂತಿದ್ದರು. ಹಿಂದಿನ ಸೀಟಿನಲ್ಲಿ ಅವ್ವ ಮತ್ತು ನಾನು. ತಂಗಿಯನ್ನು ಅಜ್ಜಿಯ ಹತ್ತಿರ ಬಿಟ್ಟಿದ್ದೆವು. ತೊಂಬತ್ತರ ದಶಕದ ನಡುಭಾಗ. ಭತ್ತದ ಕುಯ್ಲು ಮುಗಿದು ರಸ್ತೆ ತುಂಬ ಕಬ್ಬಿನ ಗಾಡಿಗಳು ಓಡಾಡುವ ಕಾಲ. ಶ್ರೀರಂಗಪಟ್ಟಣದಿಂದ ಹೊರಟು ಪಾಂಡವಪುರದ ಮೇಲೆ ನಾಗಮಂಗಲ ಸೇರಿ, ಅಲ್ಲಿನ ಮೇಷ್ಟ್ರೊಬ್ಬರಿಗೆ ನಮ್ಮ ಅಂಬಾಸಿಡರ್ ಕಾರನ್ನು ಒಪ್ಪಿಸಿ ಬರಬೇಕಿತ್ತು. ಅಪ್ಪನ ಎಡಮಂಡಿ ಕೈಕೊಟ್ಟಿತ್ತು. ಒಂದು ಬಾಡಿಗೆ ಹೋಗಿಬಂದರೆ ರಾತ್ರಿಯೆಲ್ಲ ಎಣ್ಣೆ ತಿಕ್ಕಿಸಿಕೊಂಡು ನರಳುತ್ತಿದ್ದರು. ಮಾರದೆ ವಿಧಿ ಇರಲಿಲ್ಲ.

ನಮ್ಮ ಮನೆಯ ಅನ್ನ ಬೆಂದದ್ದೇ ಆ ಕಾರಿನಿಂದ. ಕೆ.ಆರ್. ಪೇಟೆ ಕಡೆಯ ಎಷ್ಟೋ ಹೆಣ್ಣುಮಕ್ಕಳು ಅದರಲ್ಲಿ ಕೂತು ಗಂಡನ ಮನೆಗೆ ಹೋಗಿದ್ದರು. ನನ್ನ ತಂಗಿ ಹುಟ್ಟಿದ್ದೂ ಅದರೊಳಗೇ, ಮೈಸೂರಿನ ಆಸ್ಪತ್ರೆ ತಲುಪುವ ಮೊದಲೇ ಅವಸರ ಮಾಡಿ. ಇಷ್ಟಾದರೂ ಅದರ ಒಂದೇ ಒಂದು ಫೋಟೋ ನಮ್ಮ ಮನೆಯಲ್ಲಿರಲಿಲ್ಲ. ಅಪ್ಪ ತೆಗೆಸಗೊಡುತ್ತಿರಲಿಲ್ಲ. ನಮ್ಮ ತಾತ ಒಮ್ಮೆ ಮೋಜಿಗೆ ತಮ್ಮ ಜೋಡೆತ್ತಿನ ಫೋಟೋ ಹಿಡಿಸಿದ್ದರಂತೆ. ಆ ವಾರವೇ ಎಡಗಡೆಯ ಎತ್ತು ಗೊಂತಿನಲ್ಲೇ ಬಿದ್ದು ಸತ್ತಿತಂತೆ. ದುಡಿಯುವ ಜೀವಕ್ಕೆ ಫೋಟೋ ಹಿಡಿಸಬಾರದು, ಕಣ್ಣಾಗುತ್ತದೆ ಎನ್ನುವುದು ಅಂದಿನಿಂದ ನಮ್ಮ ಮನೆಯ ಕಾಯಿದೆ. ಆಯುಧಪೂಜೆಯ ದಿನ ಬಾಳೆಕಂದು ಕಟ್ಟಿ ಕಾರು ಮದುವಣಗಿತ್ತಿಯಂತೆ ನಿಂತಿದ್ದಾಗಲೂ ಸ್ಟುಡಿಯೋದವರನ್ನು ಅಪ್ಪ ಹತ್ತಿರಕ್ಕೆ ಸೇರಿಸುತ್ತಿರಲಿಲ್ಲ.

ಅವ್ವ ಅವತ್ತು ರೇಷ್ಮೆ ಸೀರೆ ಉಟ್ಟಿದ್ದಳು. ಕಾರು ಮಾರಲು ಹೋಗುವುದಕ್ಕೆ ರೇಷ್ಮೆ ಯಾಕೆ ಎಂದು ಯಾರೂ ಕೇಳಲಿಲ್ಲ. ಮಾವನನ್ನು ಮೈಸೂರಿನಿಂದ ಕ್ಯಾಮೆರಾ ಸಮೇತ ಕರೆಸಿದವಳೂ ಅವಳೇ. ಹೊರಡುವ ಮೊದಲು ಫೋಟೋ ಬಗ್ಗೆ ಒಂದು ಮಾತು ಆಡಿ ನೋಡಿದ್ದಳು. ಅಪ್ಪ ತಲೆಯೆತ್ತದೆ, ಕೊಟ್ಟ ಮಾರನೇ ದಿನ ಗಾಡಿ ಕೆಟ್ಟು ನಿಂತರೆ ಮೇಷ್ಟ್ರಿಗೆ ಯಾರು ಜವಾಬು ಹೇಳುತ್ತಾರೆ ಎಂದು ಬಾಯಿ ಮುಚ್ಚಿಸಿದ್ದರು. ಕಾರು ಹೊರಟ ಮೇಲೆ ಅವ್ವ ಮುಂದಿನ ಸೀಟಿನ ಬೆನ್ನನ್ನು ಅಂಗೈಯಿಂದ ಸವರುತ್ತ ಕೂತಳು. ನಾಗಮಂಗಲ ಬಂದುಬಿಟ್ಟರೆ ಮುಗಿಯಿತು, ಅದು ಬೇರೆಯವರ ಸ್ವತ್ತು.

ಕಿರಂಗೂರಿನ ಹತ್ತಿರ ಬಂದರೆ ರಸ್ತೆ ತುಂಬ ಜನ. ಕಬ್ಬಿನ ಗಾಡಿಯೊಂದರ ಎತ್ತುಗಳು ಕಿವಿ ನಿಮಿರಿಸಿ, ಹೊಡೆದರೂ ಮುಂದಕ್ಕೆ ಹೆಜ್ಜೆ ಇಡುತ್ತಿರಲಿಲ್ಲ. ಎಲ್ಲೋ ಅಪಘಾತ ಆಗಿರಬೇಕು ಅಂದುಕೊಂಡು ಇಳಿದೆವು. ಕುಯ್ಲಾದ ಗದ್ದೆಯ ಅಂಚಿನ ಬಯಲಿನಲ್ಲಿ ಎರಡು ಉದ್ದನೆಯ ಲಾರಿಗಳು ನಿಂತಿದ್ದವು. ಒಂದೊಂದರ ಬೆನ್ನ ಮೇಲೂ ಒಂದೊಂದು ವಿಮಾನ.

ಆಕಾಶದಲ್ಲಿ ಬೆರಳುದ್ದ ಕಂಡು ಮಾಯವಾಗುವುದನ್ನು ಅಷ್ಟು ಹತ್ತಿರದಿಂದ ನೋಡಿದರೆ ಏನಾಗುತ್ತದೆ ಎಂದು ಹೇಗೆ ಹೇಳಲಿ? ರೆಕ್ಕೆಗಳನ್ನು ಬಿಚ್ಚಿ, ಗೋಣಿತಾಟು ಸುತ್ತಿ, ಪಕ್ಕದಲ್ಲೇ ಬಿಗಿದಿದ್ದರು. ಮೂತಿ ಈಟಿಯಂತೆ ಚೂಪು. ಬಾಲ ರಸ್ತೆ ಬದಿಯ ಹುಣಸೇಮರದ ಕೊಂಬೆಗೆ ತಾಗುವಷ್ಟು ಎತ್ತರ. ಬಣ್ಣ ಮಾಸಿ, ಹಳೇ ಹಂಡೆಯ ಹಾಗೆ ಅಲ್ಲಲ್ಲಿ ತಗ್ಗಾಗಿದ್ದರೂ ಅದು ಸುಮ್ಮನೆ ಮಲಗಿದ್ದ ರೀತಿಯಲ್ಲೇ ಒಂದು ಗತ್ತಿತ್ತು. ಅಷ್ಟು ಜನ ಸೇರಿದ್ದರೂ ಜೋರಾಗಿ ಮಾತಾಡುವವರಿಲ್ಲ. ಅವ್ವ ಚಪ್ಪಲಿ ಬಿಟ್ಟು ಕೈಮುಗಿದಳು. ಅವಳನ್ನು ನೋಡಿ ಇನ್ನೂ ನಾಲ್ಕೈದು ಹೆಂಗಸರು ಚಪ್ಪಲಿ ಬಿಟ್ಟರು.

ಕಾವಲಿಗೆ ಒಬ್ಬರು ಯೋಧರಿದ್ದರು, ಧಾರವಾಡದ ಕಡೆಯವರು. ಎರಡು ವಿಮಾನಗಳೂ ಯುದ್ಧ ಕಂಡವು, ವಯಸ್ಸಾದವು. ಈಗ ಊರಿನವರು ನೋಡಲೆಂದು ಒಂದು ಕಡೆ ಕಟ್ಟೆಯ ಮೇಲೆ ನಿಲ್ಲಿಸಲು ಒಯ್ಯುತ್ತಿದ್ದಾರೆ, ಬಸ್ಸುಗಳ ಓಡಾಟ ಕಡಿಮೆಯಾಗುವವರೆಗೆ ಮುಂದಿನ ಸೇತುವೆ ದಾಟಿಸುವ ಹಾಗಿಲ್ಲ ಎಂದು ಅವರು ವಿವರಿಸಿದರು. ಅಪ್ಪ ಕೈ ಹಿಂದೆ ಕಟ್ಟಿಕೊಂಡು ಒಂದು ವಿಮಾನದ ಮೂತಿಯಿಂದ ಬಾಲದವರೆಗೂ ಕುಂಟುತ್ತ ನಡೆದರು, ತಿರುಗಿ ಬಾಲದಿಂದ ಮೂತಿಗೆ ಬಂದರು. ಹೊಟ್ಟೆಯ ಭಾಗದಲ್ಲಿ ತಗಡಿನ ತೇಪೆಗಳಿದ್ದವು. ಅವು ಗುಂಡು ತಗುಲಿದ ಜಾಗ ಎಂದು ಯೋಧರು ಹೇಳಿದಾಗ ಅಪ್ಪ ತಲೆಯ ಮೇಲಿನ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡರು.

"ಓಡಿಸ್ತಿದ್ದೋರು?" ಎಂದು ಕೇಳಿದರು.

"ಇಳಿಸ್ಕೊಂಡು ಬಂದ್ರು ನೋಡ್ರಿ," ಅಂದರು ಯೋಧರು. "ಅವರಿಗೂ ಏನೂ ಆಗ್ಲಿಲ್ಲ, ಇದಕ್ಕೂ ಏನೂ ಆಗ್ಲಿಲ್ಲ."

ಅಪ್ಪ ರಸ್ತೆಯಲ್ಲಿ ನಿಂತಿದ್ದ ನಮ್ಮ ಕಾರನ್ನೊಮ್ಮೆ, ವಿಮಾನವನ್ನೊಮ್ಮೆ ನೋಡಿದರು. ಮಾವನ ಕಡೆ ತಿರುಗಿ, "ಲೇ, ಇಂಥದ್ದು ಹಿಂದೆ ನಿಂತಿದ್ರೆ ನಮ್ ಗಾಡಿ ಮೇಲೆ ಯಾರ ಕಣ್ಣು ಬಿದ್ದಾತ್ಲಾ?" ಅಂದರು.

ಮಾವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನಮ್ಮ ಕಡೆ ಪೈರಿಗೆ ಕಣ್ಣಾಗದಿರಲಿ ಎಂದು ಹೊಲದ ನಡುವೆ ಹುಲ್ಲು ತುಂಬಿದ ಅಂಗಿ ತೊಡಿಸಿ, ಮಡಕೆಯ ತಲೆ ಇಟ್ಟು ಬೆರ್ಚಪ್ಪನನ್ನು ನಿಲ್ಲಿಸುತ್ತಾರೆ. ನೋಡುವವರ ಕಣ್ಣು ಮೊದಲು ಅವನ ಮೇಲೆ ಬಿದ್ದು ಅಲ್ಲೇ ಮುಗಿಯಬೇಕು. ಅಪ್ಪ ಹಾಕಿದ್ದು ಅದೇ ಲೆಕ್ಕ.

"ಅಲ್ಲಾ ಭಾವ, ಯುದ್ಧಕ್ಕೋಗಿ ಬಂದ ಇಮಾನನ ಬೆರ್ಚಪ್ಪ ಮಾಡ್ಬುಟ್ರಲ್ಲ," ಅಂದರು ಮಾವ.

"ಅದು ಗುಂಡೇ ತಡ್ಕೊಂಡೈತೆ ಕಣ್ಲಾ. ನಮ್ ಜನದ ಕಣ್ಣ ತಡ್ಕೊಳಕ್ಕಿಲ್ವಾ?"

ಯೋಧರು ನಕ್ಕರು. ಮುಟ್ಟಬಾರದು, ಲಾರಿಯ ಸುತ್ತ ಕಟ್ಟಿದ್ದ ಹಗ್ಗದಿಂದ ಈಚೆಗೇ ಇರಬೇಕು ಎಂದು ಹೇಳಿ, ತಾವೇ ಮುಂದೆ ನಿಂತು ಜನರನ್ನು ಎರಡೂ ಬದಿಗೆ ಸರಿಸಿದರು. ಅಪ್ಪ ಕಾರನ್ನು ಬದು ಹತ್ತಿಸಿ, ಕುಯ್ದ ಭತ್ತದ ಕೂಳೆಯ ಮೇಲೆ ಪಟಪಟನೆ ಸದ್ದು ಮಾಡಿಸುತ್ತ ತಂದು ವಿಮಾನದ ಮೂತಿಯ ಕೆಳಗೆ ಅಡ್ಡಲಾಗಿ ನಿಲ್ಲಿಸಿದರು. ನಮ್ಮ ಬೀದಿಯಲ್ಲಿ ಅಷ್ಟು ದೊಡ್ಡದಾಗಿ ಕಾಣುತ್ತಿದ್ದ ಕಾರು ಅಲ್ಲಿ ಆನೆಯ ಕಾಲ ಬಳಿ ನಿಂತ ಕರುವಿನಂತಾಯಿತು. ಅವ್ವ ಸೆರಗಿನ ತುದಿಯಿಂದ ಅದರ ದೀಪಗಳ ಧೂಳು ಒರೆಸಿದಳು. ಒರೆಸಿ, ಬಾಗಿಲ ಪಕ್ಕ ನಿಂತು ನನ್ನನ್ನೂ ಕರೆದಳು. ಅಪ್ಪ ಬಾನೆಟ್ಟಿನ ಮೇಲೆ ಕೈಯಿಟ್ಟರು.

ಕಾರು, ವಿಮಾನ ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಸಬೇಕಲ್ಲ, ಮಾವ ಹಿಂದಕ್ಕೆ ಹೋದರು, ಇನ್ನೂ ಹಿಂದಕ್ಕೆ ಹೋದರು, ಕೊನೆಗೆ ಬಯಲಿನಾಚೆಯ ಕಾಲುವೆಗೇ ಇಳಿದು ಮೊಣಕಾಲುದ್ದದ ನೀರಿನಲ್ಲಿ ನಿಂತರು. ಅಲ್ಲಿಂದ ಕೂಗಿ, ಮೊದಲು ಎಲ್ಲರೂ ವಿಮಾನ ನೋಡಿ, ಆಮೇಲೆ ನನ್ನ ಕಡೆ ನೋಡಿ ಅಂದರು. ಅದೂ ಅಪ್ಪನ ಅಪ್ಪಣೆಯೇ. ಕ್ಯಾಮೆರಾದ ಕಣ್ಣು ಕೂಡ ಮೊದಲು ವಿಮಾನದ ಮೇಲೇ ಬೀಳಬೇಕಿತ್ತು. ಕತ್ತೆತ್ತಿದೆ. ತಲೆಯ ಮೇಲೆ ಆ ಮೂತಿ, ಅದರಾಚೆ ಬರೀ ನೀಲಿ. ಇದು ಅಷ್ಟೆತ್ತರದಲ್ಲಿ ಬೆಂಕಿಯ ನಡುವೆ ಹೋಗಿ, ಮತ್ತೆ ನೆಲ ಹುಡುಕಿಕೊಂಡು ಬಂದಿತ್ತಲ್ಲ ಎಂದು ನೆನೆದು ಮೈ ಜುಮ್ಮೆಂದಿತು. ಅವ್ವನ ಕೈ ನನ್ನ ಕೈಯನ್ನು ಹುಡುಕಿ ಹಿಡಿಯಿತು. ಅಷ್ಟರಲ್ಲಿ ಮಾವ ಒತ್ತಿದ್ದರು.

ಆ ಸಂಜೆ ನಾಗಮಂಗಲದಲ್ಲಿ ಕಾರು ಒಪ್ಪಿಸಿ ಬಸ್ಸಿನಲ್ಲಿ ಮರಳಿದೆವು. ಫೋಟೋ ತೊಳೆದು ಬಂದಾಗ ನೋಡಿದರೆ ವಿಮಾನ ಉದ್ದಕ್ಕೂ ಹರಡಿಕೊಂಡಿತ್ತು, ಕಾರು ಹೆಬ್ಬೆರಳಗಲ. ನಮ್ಮ ಮೂವರ ಮುಖವೂ ಇನ್ನೂ ಮೇಲಕ್ಕೇ ತಿರುಗಿತ್ತು. ಅವ್ವ ಅದನ್ನು ದೇವರ ಪಟಗಳ ಪಕ್ಕದಲ್ಲೇ ಹಾಕಿದಳು. ಅಪ್ಪ ಬೇಡವೆನ್ನಲಿಲ್ಲ.

ಕೆಲವು ತಿಂಗಳ ಮೇಲೆ ಅಪ್ಪ ಇನ್ನೊಂದು ಪ್ರತಿ ಮಾಡಿಸಿ, ಕಾಗದ ಸುತ್ತಿಕೊಂಡು ಒಬ್ಬರೇ ನಾಗಮಂಗಲಕ್ಕೆ ಹೋದರು. ಕಾರು ಒಂದು ದಿನವೂ ಕೈಕೊಟ್ಟಿರಲಿಲ್ಲವಂತೆ. ಮೇಷ್ಟ್ರು ಫೋಟೋವನ್ನು ಬಹಳ ಹೊತ್ತು ನೋಡಿ, ಮನೆಯವರನ್ನೆಲ್ಲ ಕರೆದು ತೋರಿಸಿ, ಊಟ ಹಾಕಿಸಿ, ಬಸ್ ನಿಲ್ದಾಣದವರೆಗೆ ತಾವೇ ಬಿಟ್ಟುಬರಲು ಕಾರು ತೆಗೆದರಂತೆ. ಅಪ್ಪ ಹಿಂದಿನ ಬಾಗಿಲು ತೆಗೆದು, ಅವ್ವ ಕೂರುತ್ತಿದ್ದ ಜಾಗದಲ್ಲಿ ಕೂತು ಬಂದರು.