ಬಾರದ ಘಾಟು

ಮೊನ್ನೆ ಸೊಸೆ ನನ್ನ ಮರಿಮೊಮ್ಮಗನಿಗೆ ದೃಷ್ಟಿ ತೆಗೆದಳು. ಕೂಸು ಬೆಳಿಗ್ಗೆಯಿಂದ ಹಾಲು ಕಕ್ಕುತ್ತಿತ್ತು. ಒಣಮೆಣಸಿನಕಾಯಿ, ಉಪ್ಪು ಮುಷ್ಟಿಯಲ್ಲಿ ಹಿಡಿದು ನಿವಾಳಿಸಿ ಕೆಂಡಕ್ಕೆ ಹಾಕಿದಳು. ಉಪ್ಪು ಚಟಪಟ ಸಿಡಿಯಿತು, ಮೆಣಸಿನಕಾಯಿ ಕಪ್ಪಾಯಿತು, ಘಾಟು ಮಾತ್ರ ಬರಲಿಲ್ಲ. "ನೋಡ್ರಿ ಅತ್ತಿ, ಒಬ್ಬರಿಗರ ಕೆಮ್ಮು ಬಂತೇನು? ಭಾರಿ ದೃಷ್ಟಿ ಆಗಿತ್ತು" ಎಂದು ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ನಮ್ಮ ಕಡೆಯ ನಂಬಿಕೆ ಅದು. ಘಾಟು ಎದ್ದು ಮನೆಮಂದಿ ಕೆಮ್ಮಿದರೆ ದೃಷ್ಟಿಯಿಲ್ಲ. ಮೆಣಸಿನಕಾಯಿ ಸುಮ್ಮನೆ ಸುಟ್ಟುಹೋದರೆ ಯಾರದೋ ಕಣ್ಣು ಬಿದ್ದಿದೆ. ನಾನು ಆ ಕೆಂಡದ ಮುಂದೆ ಕೂತೇ ಇದ್ದೆ… ಅಕ್ಕೋರು ನೆನಪಾದರು.

ಹಾನಗಲ್ಲಿನ ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸುವ ಹೆಂಗಸರಿಗೆ ನಾವು ಅಕ್ಕೋರು ಎನ್ನುತ್ತಿದ್ದೆವು. ಇನ್ನೂ ಇಂಗ್ರೇಜಿ ಸರಕಾರ ಇದ್ದ ಕಾಲ. ಇವರು ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಬಂದವರು. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಸಾಲಿಯ ಹಿಂದಿನ ಖೋಲಿಯಲ್ಲಿ ಒಬ್ಬರೇ ಇರುತ್ತಿದ್ದರು. ನಾವೇ ಅವರ ಸಂಸಾರ ಎಂಬಂತೆ ಮಧ್ಯಾಹ್ನ ರೊಟ್ಟಿ ಗಂಟು ಬಿಚ್ಚುವಾಗ ನಮ್ಮ ನಡುವೆ ಬಂದು ಕೂಡುತ್ತಿದ್ದರು.

ಅವರಿಗೆ ಶರೀರದ ಪಾಠವೆಂದರೆ ಜೀವ. ಗೋಡೆಗೆ ಶರೀರದ ನಕಾಶೆ ತೂಗುಹಾಕಿ ಅನ್ನನಾಳ, ಜಠರ, ಕರುಳು ಎಂದು ಕೋಲಿನಿಂದ ತೋರಿಸಿದರೆ ನಾವು ಕರುಳಿನ ಸುರುಳಿ ಕಂಡು ಮುಸಿಮುಸಿ ನಗುತ್ತಿದ್ದೆವು. ಒಮ್ಮೆ ಎಲ್ಲರ ಬಾಯಿಗೂ ಜೋಳದ ರೊಟ್ಟಿಯ ಚೂರು ಹಾಕಿಸಿ, "ನುಂಗಬ್ಯಾಡ್ರಿ, ಅಗೀರಿ… ಇನ್ನೂ ಅಗೀರಿ. ಈಗ ಸಿಹಿ ಹತ್ತಲಿಕ್ಕತ್ತದಿಲ್ಲ? ಪಚನ ಬಾಯಾಗ ಸುರು ಆಗ್ತದ" ಎಂದರು. ಹೌದು, ಸಪ್ಪೆ ರೊಟ್ಟಿ ನಿಜವಾಗಿಯೂ ಸಿಹಿಯಾಗಿತ್ತು. ಇನ್ನೊಂದು ದಿನ ನರಗಳ ಪಾಠ. ಕೆಂಡ ಮುಟ್ಟಿದ ಕೈ ನಾವು ವಿಚಾರ ಮಾಡುವ ಮೊದಲೇ ಹಿಂದೆ ಬರುತ್ತದೆ, ಸೀನೂ ಹಾಗೆಯೇ, ಕೆಮ್ಮೂ ಹಾಗೆಯೇ. "ಖರೇ ಕೆಮ್ಮು ನಮ್ಮ ಅಪ್ಪಣಿ ಕೇಳಿ ಬರೂದಿಲ್ಲ, ತಿಳೀತಿಲ್ಲ?" ಎಂದಿದ್ದರು. ಈ ಮಾತನ್ನು ನಾನು ಮರೆತೇ ಇಲ್ಲ.

ನಾನು ಅವರ ಕೈಕೆಳಗೆ ಇದ್ದ ಎರಡನೆಯ ವರ್ಷ ಅವರು ಬದಲಾಗತೊಡಗಿದರು. ಎಷ್ಟು ಉಂಡರೂ ಹಸಿವು. ಪಾಠದ ನಡುವೆ ಸೆರಗಿನ ಗಂಟಿನಿಂದ ಶೇಂಗಾ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆದರೂ ಕುಪ್ಪಸ ಸಡಿಲಾಗುತ್ತ ಹೋಯಿತು. ಚಳಿಗಾಲದಲ್ಲೂ ಬೆವರು. ಕರಿಹಲಗೆಯ ಮೇಲೆ ಅಕ್ಷರಗಳು ನಡುಗುತ್ತಿದ್ದವು. ಗಂಟಲ ಮುಂಭಾಗ ತುಸು ಉಬ್ಬಿತು, ಕಣ್ಣುಗಳು ಮುಂದೆ ಬಂದವು. ಸುಮ್ಮನೆ ನೋಡಿದರೂ ದಿಟ್ಟಿಸಿದಂತೆ ಕಾಣುತ್ತಿತ್ತು.

ಊರಿನ ತಾಯಂದಿರಿಗೆ ಇಷ್ಟು ಸಾಕಾಯಿತು. ಗಂಡನಿಲ್ಲದ ಹೆಂಗಸು, ತಿಂದದ್ದು ಮೈಗೆ ಹತ್ತುವುದಿಲ್ಲ, ಕಣ್ಣು ನೋಡಿದರೆ ಹೀಗೆ. ಯಾರ ಮನೆಯ ಹುಡುಗಿಗೆ ಹೊಟ್ಟೆ ನೋವು ಬಂದರೂ ಅಕ್ಕೋರ ಕಣ್ಣು ರೊಟ್ಟಿಯ ಮೇಲೆ ಬಿತ್ತು ಎಂದಾಯಿತು. ನನ್ನ ಕಾಕಾನ ಹೆಂಡತಿ, ನಮ್ಮ ಚಿಗವ್ವ, ತನ್ನ ಮಕ್ಕಳಿಗೆ, "ಆಕಿ ಮುಂದ ತುತ್ತು ಎತ್ತಬ್ಯಾಡ್ರಿ, ಬೆನ್ನ ಮಾಡಿ ಕುಂತು ತಿನ್ರಿ" ಎಂದು ಹೇಳಿ ಕಳಿಸುತ್ತಿದ್ದಳು. ಎಲ್ಲ ಮನೆಗಳಲ್ಲೂ ಅದೇ ಮಾತು ಆಗಿರಬೇಕು. ಮಧ್ಯಾಹ್ನ ಅಕ್ಕೋರು ಬಂದು ಕೂತರೆ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ಆಚೆ ತಿರುಗುತ್ತಿದ್ದರು.

ನಾನು ತಿರುಗಲಿಲ್ಲ. ಇದರಲ್ಲಿ ನನ್ನ ದೊಡ್ಡಸ್ತಿಕೆ ಏನೂ ಇಲ್ಲ. ನನ್ನ ಅವ್ವ ನಾನು ಕೂಸಿದ್ದಾಗಲೇ ಹೋಗಿದ್ದಳು. ಅಪ್ಪ ಆಡೂರಿನಲ್ಲಿ ಹೊಲ ನೋಡಿಕೊಂಡು ನನ್ನನ್ನು ಹಾನಗಲ್ಲಿಗೆ, ಕಾಕಾನ ಮನೆಗೆ ಕಳಿಸಿದ್ದ. ಚಿಗವ್ವ ಕೆಟ್ಟವಳಲ್ಲ, ಆದರೆ ಸಂಜೆ ದೃಷ್ಟಿ ತೆಗೆಯುವಾಗ ತನ್ನ ಮಕ್ಕಳನ್ನಷ್ಟೇ ಸಾಲಾಗಿ ಕೂಡಿಸುತ್ತಿದ್ದಳು. ನಾನು ಬಾಗಿಲಿಗೆ ಆತು ನಿಂತು ನೋಡುತ್ತಿದ್ದೆ. ನನಗೆ ಬೆನ್ನು ಮಾಡಿ ತಿನ್ನು ಎಂದು ಯಾರೂ ಹೇಳಿರಲಿಲ್ಲ. ಹಾಗಾಗಿ ಅಕ್ಕೋರ ಎದುರಿಗೇ ಕೂತು ತಿಂದೆ.

ಅಕ್ಕೋರು ಕೆಲವು ದಿನ ನೋಡಿದರು. ಆಮೇಲೆ ಒಂದು ಮಧ್ಯಾಹ್ನ ತಾವೇ ತಟ್ಟೆ ಎತ್ತಿಕೊಂಡು ಹೋಗಿ ಗೋಡೆಗೆ ಮುಖ ಮಾಡಿ ಕೂತರು. ಎದುರಿಗೆ ಅವರೇ ತೂಗುಹಾಕಿದ ನಕಾಶೆ. ಹುಡುಗಿಯರು ನಿರಾಳವಾಗಿ ತಿರುಗಿ ಕೂತು ಹರಟೆ ಹೊಡೆಯುತ್ತ ತಿಂದರು. ನಾನು ರೊಟ್ಟಿಯನ್ನು ಮತ್ತೆ ಗಂಟು ಕಟ್ಟಿ ಇಟ್ಟೆ. ಆ ಬೆನ್ನು ಈಗಲೂ ಕಣ್ಣಿಗೆ ಕಟ್ಟಿದಂತಿದೆ…

ಮುಂದೆ ಕೆಲವು ದಿನಕ್ಕೆ ನನಗೇ ಹೊಟ್ಟೆ ನೋವು ಬಂತು. ಮುದುಡಿ ಕೂತವಳನ್ನು ಅಕ್ಕೋರು ತಮ್ಮ ಖೋಲಿಗೆ ಕರೆದುಕೊಂಡು ಹೋದರು.

"ಏನ್ ತಿಂದಿದ್ದಿ?"

"ಹಸಿ ಹುಣಸಿಕಾಯಿ ತಿಂದೇನ್ರಿ, ಅಕ್ಕೋರ."

"ಜಠರದಾಗ ಮೊದಲ ಹುಳಿ ಇರ್ತದ, ಮ್ಯಾಲೆ ನೀ ಮತ್ತ ಹುಳಿ ಸುರದಿ. ನೋಯದ ಏನ್ ಮಾಡೀತು?" ಎಂದು ನಕ್ಕರು. ಅಜವಾನ ಅಗಿಯಲು ಕೊಟ್ಟರು. ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಅವರು ಒಲೆಯನ್ನೇ ನೋಡುತ್ತ ನಿಂತರು. "ಆದ್ರೂ ಒಮ್ಮೆ ನೋಡೂಣು" ಎಂದು ಡಬ್ಬಿಯಿಂದ ಮೆಣಸಿನಕಾಯಿ, ಉಪ್ಪು ತೆಗೆದರು.

ನನ್ನನ್ನು ಮೂಡಲಿಗೆ ಮುಖ ಮಾಡಿ ಕೂಡಿಸಿ, ನಡುಗುವ ಕೈಯಿಂದ ನಿವಾಳಿಸಿದರು. ನನಗಾಗಿ ಯಾರಾದರೂ ದೃಷ್ಟಿ ತೆಗೆದದ್ದು ಅದೇ ಮೊದಲು. ಹೊಟ್ಟೆ ನೋವಿನಲ್ಲೂ ನನಗೆ ಸುಖವೆನಿಸಿತು. "ಬಂದವರ ಕಣ್ಣ, ಹೋದವರ ಕಣ್ಣ…" ಎಂದು ಹೇಳುತ್ತ ಹೋದವರು ನಡುವೆ ನಿಂತರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಅಕ್ಕೋರ ಕಣ್ಣ" ಎಂದರು.

ಮೆಣಸಿನಕಾಯಿ ಒಲೆಗೆ ಬಿತ್ತು. ಅದು ಬ್ಯಾಡಗಿಯದು. ಬಣ್ಣಕ್ಕೆ ಹೆಸರಾದ ಕಾಯಿ, ಖಾರ ಕಡಿಮೆ. ಮೇಲಾಗಿ ಸರಿಯಾಗಿ ಒಣಗಿರಲಿಲ್ಲ. ಇದೆಲ್ಲ ನನಗೆ ಹೊಳೆದದ್ದು ನಾನೇ ಒಲೆ ಹಚ್ಚುವವಳಾದ ಮೇಲೆ. ಆಗ ಕಂಡದ್ದು ಇಷ್ಟೇ: ಕಾಯಿ ಸುಟ್ಟು ಕರಿಕಾಯಿತು, ಘಾಟು ಬರಲಿಲ್ಲ. ಅಕ್ಕೋರು ಮೂಗು ಮುಂದೆ ಮಾಡಿ ಕಾದರು. ಅವರ ಮುಖ ಬಿಳಿಚಿತು. ಇನ್ನು ಈ ಹೆಂಗಸು ನಮ್ಮ ಯಾರ ಎದುರೂ ಕೂಡುವುದಿಲ್ಲ ಎಂದು ನನಗೆ ಅನ್ನಿಸಿತು.

ನಾನು ಕೆಮ್ಮಿದೆ. ಜೋರಾಗಿ, ಕಣ್ಣಲ್ಲಿ ನೀರು ಬರುವ ಹಾಗೆ.

ಅವರು ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿದರು. ಅವರಿಗೆ ತಿಳಿಯದೆ ಇದ್ದೀತೇ? ಖರೇ ಕೆಮ್ಮು ಯಾವುದೆಂದು ನಮಗೆ ಕಲಿಸಿದವರೇ ಅವರು. ಸೆರಗು ಬಾಯಿಗೆ ಹಿಡಿದು, ಅವರೂ ಕೆಮ್ಮಿದರು.

"ಘಾಟ ಭಾಳ ಅದ, ಅಲ್ಲೇನು?"

"ಭಾಳ ಐತ್ರಿ, ಅಕ್ಕೋರ."

ಮರುದಿನ ಮಧ್ಯಾಹ್ನ ಅವರು ಗೋಡೆಯ ಕಡೆ ಹೋಗಲಿಲ್ಲ. ಬಂದು ನನ್ನ ಎದುರು ಕೂತರು. ಉಳಿದವರು ಬೆನ್ನು ತಿರುಗಿಸಿದರು, ನಾವಿಬ್ಬರೂ ರೊಟ್ಟಿಯನ್ನು ಸಿಹಿಯಾಗುವ ತನಕ ಅಗಿದೆವು.

ಬೇಸಗೆಗೆ ಅವರ ಅಣ್ಣ ಬಂದು, ಗಂಟಲಿಗೆ ಆಪರೇಶನ್ ಮಾಡಿಸಬೇಕೆಂದು ಮಿರಜಿನ ದವಾಖಾನೆಗೆ ಕರೆದೊಯ್ದ. ಟಾಂಗಾ ಹೊರಡುವಾಗ ನಾನು ಸಾಲಿಯ ಕಟ್ಟೆಯ ಮೇಲೆ ನಿಂತಿದ್ದೆ. ಅವರು ಕೈ ಬೀಸಲಿಲ್ಲ, ಸೆರಗು ಬಾಯಿಗೆ ಹಿಡಿದು ಒಮ್ಮೆ ಕೆಮ್ಮಿದರು. ನಾನೂ ಕೆಮ್ಮಿದೆ. ಮಳೆಗಾಲಕ್ಕೆ ಸಾಲಿ ತೆರೆದಾಗ ಬೇರೆ ಅಕ್ಕೋರು ಬಂದಿದ್ದರು. ಆಪರೇಶನ್ ಆದ ಮೇಲೆ ನಮ್ಮ ಅಕ್ಕೋರು ಉಳಿಯಲಿಲ್ಲ ಎಂದು ಸಾಲಿಯ ಗಂಟೆ ಬಾರಿಸುವ ಸಿಪಾಯಿ ಹೇಳಿದ.

ಹೋದ ವರ್ಷ ನನ್ನ ಮೊಮ್ಮಗಳಿಗೆ ಹೀಗೇ ಆಯಿತು. ಹಸಿವು, ನಡುಕ, ಮುಂದೆ ಬಂದ ಕಣ್ಣು. ಗಂಟಲ ಮುಂದೆ ಥೈರಾಯ್ಡ್ ಎಂಬ ಗ್ರಂಥಿ ಇದೆ, ಅದರ ರಸ ಹೆಚ್ಚಾದರೆ ಮೈಯೆಲ್ಲ ಒಳಗಿಂದ ಓಡತೊಡಗುತ್ತದೆ ಎಂದರು ಡಾಕ್ಟರರು. ಸಣ್ಣ ಗುಳಿಗೆಯಲ್ಲಿ ಹುಡುಗಿ ಸುಧಾರಿಸಿದಳು. ಅಕ್ಕೋರ ನಕಾಶೆಯಲ್ಲಿ ಆ ಗ್ರಂಥಿಯನ್ನು ಬರೆದೇ ಇರಲಿಲ್ಲ. ತಮ್ಮ ಕಣ್ಣಿನಲ್ಲಿ ಕೇಡಿಲ್ಲವೆಂದು ಅವರಿಗೆ ಹೇಳುವವರು ಯಾರೂ ಸಿಗಲಿಲ್ಲವಲ್ಲ ಎಂದು ನನಗೆ ಅಳು ಬಂತು.

ಮೊನ್ನೆ ಸೊಸೆ ಕೂಸನ್ನು ಮಲಗಿಸಿ ಬಂದಾಗ ನಾನು ಕೆಮ್ಮುತ್ತಿದ್ದೆ.

"ಘಾಟ ಇಲ್ಲಲ್ರಿ ಅತ್ತಿ, ಯಾಕ ಕೆಮ್ಮಾಕತ್ತೀರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬೂದಿ ಎತ್ತಿಕೊಂಡು ಹೋದಳು. ಖೋಲಿಯಲ್ಲಿ ನಾನೊಬ್ಬಳೇ ಉಳಿದೆ. ಇನ್ನೊಮ್ಮೆ ಕೆಮ್ಮಿ, ತುಸು ಹೊತ್ತು ಕಾದೆ. ಯಾರೂ ಕೆಮ್ಮಲಿಲ್ಲ.